ಕೊನೆಯ ಆರು ವಾರ: ಗೇಟ್ ಪರೀಕ್ಷೆಯಲ್ಲಿ ಅಂಕ ಎಲ್ಲಿ ಸಿಗುತ್ತದೆ, ಎಲ್ಲಿ ಸೋರುತ್ತದೆ



ದತ್ತಿ ಉಪನ್ಯಾಸಕ್ಕೆ ದೊಡ್ಡ ವಿಷಯವನ್ನೇ ಆರಿಸಿಕೊಳ್ಳುವುದು ವಾಡಿಕೆ. ಇಂದಿನ ವಿಷಯ ಮೂರು ಗಂಟೆಯ ಒಂದು ಪರೀಕ್ಷೆ ಮತ್ತು ಅದರ ಹಿಂದಿನ ಐದಾರು ವಾರ, ಅಷ್ಟೇ. ಆದರೆ ಈ ಸಭಾಂಗಣದ ಹಿಂದಿನ ಸಾಲುಗಳಲ್ಲಿ ಕುಳಿತಿರುವ ಅಂತಿಮ ವರ್ಷದ ಹಲವರಿಗೆ ಸದ್ಯಕ್ಕೆ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ಗೇಟ್ ಪರೀಕ್ಷೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಮುಂಬೈ, ದೆಹಲಿ, ಗುವಾಹಟಿ, ಕಾನ್ಪುರ, ಖರಗ್‌ಪುರ, ಮದ್ರಾಸ್ ಮತ್ತು ರೂರ್ಕಿಯ ಐಐಟಿಗಳು ಸರದಿಯ ಮೇಲೆ ನಡೆಸುತ್ತವೆ. 2024ರ ಸರದಿ ಬೆಂಗಳೂರಿನದಾಗಿತ್ತು, 2025ರದು ರೂರ್ಕಿಯದು. ಫೆಬ್ರವರಿಯ ಶನಿವಾರ, ಭಾನುವಾರಗಳಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಬರೆಯುವ ಈ ಪರೀಕ್ಷೆಯಲ್ಲಿ 2025ರಲ್ಲಿ ಒಟ್ಟು 30 ಪತ್ರಿಕೆಗಳಿದ್ದವು. ಪಡೆದ ಸ್ಕೋರು ಮೂರು ವರ್ಷ ಚಲಾವಣೆಯಲ್ಲಿರುತ್ತದೆ. ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳ ಎಂ.ಟೆಕ್. ಸೀಟು, ಸುರತ್ಕಲ್ಲಿನ ಎನ್‌ಐಟಿಕೆಯ ಸೀಟು, ಕೆಲವು ಸಾರ್ವಜನಿಕ ಉದ್ಯಮಗಳ ನೇಮಕಾತಿ ಎಲ್ಲಕ್ಕೂ ಇದೇ ಸ್ಕೋರು ಬೇಕು. ರಾಜ್ಯದ ಕಾಲೇಜುಗಳ ಎಂ.ಟೆಕ್. ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪಿಜಿಸಿಇಟಿ ನಡೆಸುತ್ತದೆ, ಅಲ್ಲಿಯೂ ಗೇಟ್ ಪಾಸಾದವರಿಗೆ ಆದ್ಯತೆ ಇದೆ. ಜೊತೆಗೆ ಗೇಟ್ ಮೂಲಕ ಎಂ.ಟೆಕ್. ಸೇರಿದ ಅರ್ಹರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ಮಧ್ಯಮ ವರ್ಗದ ಮನೆಗಳಲ್ಲಿ ಮುಂದೆ ಓದಬೇಕೋ ಕೆಲಸಕ್ಕೆ ಸೇರಬೇಕೋ ಎಂಬ ಮಾತು ಬಂದಾಗ ಈ ಮೊತ್ತವೂ ಲೆಕ್ಕಕ್ಕೆ ಬರುತ್ತದೆ.

ಉಪನ್ಯಾಸದ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಡಿಸೆಂಬರ್ ಮುಗಿಯುವವರೆಗೂ ಪುಸ್ತಕ ತೆರೆಯದವರಿಗೆ ಇಲ್ಲಿ ಯಾವ ಉಪಾಯವೂ ಇಲ್ಲ. ಇಲ್ಲಿನ ಮಾತು ಬೇರೆಯವರ ಕುರಿತದ್ದು. ಸಿಲಬಸ್ಸಿನ ಮುಕ್ಕಾಲು ಪಾಲು ಓದಿಯಾಗಿದೆ, ನೋಟ್ಸ್ ಇದೆ, ಆದರೂ ಮಾಕ್ ಟೆಸ್ಟಿನಲ್ಲಿ ನಲವತ್ತು, ನಲವತ್ತೈದರ ಆಸುಪಾಸಿನಲ್ಲೇ ಅಂಕ ನಿಂತುಬಿಟ್ಟಿದೆ ಎನ್ನುವವರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಅವರು ಜನವರಿಯಲ್ಲಿ ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ಓದದೆ ಬಿಟ್ಟ ಅಧ್ಯಾಯಗಳನ್ನು ಗಾಬರಿಯಿಂದ ಓದಲು ಕೂರುವುದು. ಈ ಉಪನ್ಯಾಸದ ವಾದ ಅದಕ್ಕೆ ವಿರುದ್ಧವಾದದ್ದು. ಕೊನೆಯ ವಾರಗಳಲ್ಲಿ ಬೇಗ ಕೈಗೆ ಬರುವ ಅಂಕಗಳು ಓದದ ಅಧ್ಯಾಯಗಳಲ್ಲಿಲ್ಲ, ಓದಿಯೂ ಕಳೆದುಕೊಳ್ಳುತ್ತಿರುವ ಅಧ್ಯಾಯಗಳಲ್ಲಿವೆ. ಇದನ್ನು ನಾಲ್ಕು ಭಾಗಗಳಲ್ಲಿ ನೋಡಬಹುದು: ಅಂಕಗಳ ಲೆಕ್ಕಾಚಾರ, ತಪ್ಪುಗಳ ತನಿಖೆ, ನೆನಪಿನ ಅಭ್ಯಾಸ, ಕಡೆಗೆ ಪರೀಕ್ಷೆಯ ಆ ಮೂರು ಗಂಟೆ ಮತ್ತು ಅದಕ್ಕೆ ಬೇಕಾದ ದೇಹಸ್ಥಿತಿ.

ಮೊದಲನೆಯದಾಗಿ, ಅಂಕಗಳ ಲೆಕ್ಕಾಚಾರ.

ಗೇಟ್ ಪತ್ರಿಕೆಯಲ್ಲಿ 65 ಪ್ರಶ್ನೆ, 100 ಅಂಕ, 180 ನಿಮಿಷ. ಇವುಗಳಲ್ಲಿ 10 ಪ್ರಶ್ನೆಗಳು ಜನರಲ್ ಆಪ್ಟಿಟ್ಯೂಡ್‌ಗೆ ಸೇರಿದವು. ಒಂದು ಅಂಕದ ಐದು, ಎರಡು ಅಂಕದ ಐದು, ಒಟ್ಟು 15 ಅಂಕ. ಉಳಿದ 85 ಅಂಕ ವಿಷಯಕ್ಕೆ ಸಂಬಂಧಿಸಿದ್ದು. ಅದರಲ್ಲಿ ಒಂದು ಅಂಕದ 25 ಮತ್ತು ಎರಡು ಅಂಕದ 30 ಪ್ರಶ್ನೆಗಳಿರುತ್ತವೆ. ಬಹುತೇಕ ಎಂಜಿನಿಯರಿಂಗ್ ಪತ್ರಿಕೆಗಳಲ್ಲಿ ಈ 85ರಲ್ಲಿ 13 ಅಂಕ ಗಣಿತಕ್ಕೆ ಮೀಸಲು. ಆಪ್ಟಿಟ್ಯೂಡ್ ಮತ್ತು ಗಣಿತ ಸೇರಿದರೆ 28 ಅಂಕ, ಅಂದರೆ ಪತ್ರಿಕೆಯ ಕಾಲು ಭಾಗಕ್ಕಿಂತ ಹೆಚ್ಚು. ಥರ್ಮೋಡೈನಮಿಕ್ಸ್‌ನಲ್ಲೋ ಕಂಪೈಲರ್ ಡಿಸೈನ್‌ನಲ್ಲೋ ಬಿಟ್ಟುಹೋದ ಒಂದು ಅಧ್ಯಾಯವನ್ನು ಹತ್ತು ದಿನ ಓದಿದರೆ ಅದರಿಂದ ಒಂದು ಪ್ರಶ್ನೆ ಬಂದರೂ ಬಂತು, ಬರದಿದ್ದರೂ ಇಲ್ಲ. ಆಪ್ಟಿಟ್ಯೂಡಿನ 15 ಅಂಕ ಮಾತ್ರ ಬಂದೇ ಬರುತ್ತದೆ.

ಹಾಗಿದ್ದರೂ ಆಪ್ಟಿಟ್ಯೂಡನ್ನು ‘ಅಲ್ಲೇ ಮಾಡಿದರಾಯಿತು’ ಎಂದು ಬದಿಗಿಡುವವರೇ ಹೆಚ್ಚು. ಅದರಲ್ಲಿ ಇಂಗ್ಲಿಷ್ ಭಾಷೆ, ಲೆಕ್ಕ, ತರ್ಕ, ಆಕಾರಗಳನ್ನು ಮನಸ್ಸಿನಲ್ಲೇ ಮಡಿಸಿ ತಿರುಗಿಸುವ ಪ್ರಶ್ನೆಗಳು ಹೀಗೆ ನಾಲ್ಕು ಬಗೆ ಇವೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ನೇರ ಎರಡನೆಯ ವರ್ಷದ ಬಿ.ಇ.ಗೆ ಸೇರಿದವರಿಗೆ ಲೆಕ್ಕ ಕಷ್ಟವಾಗುವುದಿಲ್ಲ. ‘ಈ ವಾಕ್ಯಗಳಿಂದ ಖಚಿತವಾಗಿ ಹೇಳಬಹುದಾದದ್ದು ಯಾವುದು’ ಎಂದು ಕೇಳುವ ಐದಾರು ಸಾಲಿನ ಇಂಗ್ಲಿಷ್ ಪ್ರಶ್ನೆ ಅವರನ್ನು ತಡೆದು ನಿಲ್ಲಿಸುತ್ತದೆ. ಅದಕ್ಕೆ ಪರಿಹಾರ ದೂರದಲ್ಲಿಲ್ಲ. ಆಪ್ಟಿಟ್ಯೂಡಿನ ಸಿಲಬಸ್ ಎಲ್ಲ ಪತ್ರಿಕೆಗಳಿಗೂ ಒಂದೇ. ಸಿವಿಲ್‌ನವರು ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್ ಪತ್ರಿಕೆಗಳ ಹಳೆಯ ಆಪ್ಟಿಟ್ಯೂಡ್ ಪ್ರಶ್ನೆಗಳನ್ನೂ ಬಿಡಿಸಬಹುದು. ಗೇಟ್‌ನ ಅಧಿಕೃತ ಜಾಲತಾಣದಲ್ಲಿ ಹಳೆಯ ಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ದಿನಕ್ಕೆ ಒಂದು ಪತ್ರಿಕೆಯ ಹತ್ತು ಪ್ರಶ್ನೆಯಂತೆ ಇಪ್ಪತ್ತು ನಿಮಿಷ ಕೊಟ್ಟರೆ ತಿಂಗಳೊಳಗೆ ಮುನ್ನೂರು ಪ್ರಶ್ನೆ ಮುಗಿಯುತ್ತವೆ.

ಐದು ಅಂಕ ಹೆಚ್ಚಾದರೆ ಏನಾದೀತು ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಗೇಟ್ ಸ್ಕೋರಿನ ಸೂತ್ರದಲ್ಲೇ ಇದೆ. ಸ್ಕೋರ್ ಕಾರ್ಡಿನಲ್ಲಿ ನೂರಕ್ಕೆ ಬಂದ ಅಂಕ ಬೇರೆ, ಸಾವಿರಕ್ಕೆ ಬರುವ ಸ್ಕೋರು ಬೇರೆ. ಸಾಮಾನ್ಯ ವರ್ಗದ ಅರ್ಹತಾ ಅಂಕಕ್ಕೆ 350 ಸ್ಕೋರು. ಆ ಪತ್ರಿಕೆಯ ತುತ್ತತುದಿಯ ಅಭ್ಯರ್ಥಿಗಳ ಸರಾಸರಿ ಅಂಕಕ್ಕೆ 900. ನಡುವಿನವರಿಗೆಲ್ಲ ಅದೇ ಅನುಪಾತದಲ್ಲಿ ಸ್ಕೋರು ಹಂಚಿಕೆಯಾಗುತ್ತದೆ. ಒಂದು ಪತ್ರಿಕೆಯ ಅರ್ಹತಾ ಅಂಕ 28, ತುದಿಯವರ ಸರಾಸರಿ 88 ಎಂದುಕೊಳ್ಳೋಣ. ಆಗ 60 ಅಂಕಗಳ ಅಂತರಕ್ಕೆ 550 ಸ್ಕೋರು, ಅಂದರೆ ಒಂದು ಅಂಕಕ್ಕೆ ಒಂಬತ್ತಕ್ಕಿಂತ ಹೆಚ್ಚು. 46 ಅಂಕ ಪಡೆದವರ ಸ್ಕೋರು 515 ಆಗುತ್ತದೆ, 51 ಪಡೆದವರದು ಸುಮಾರು 561. ಈ ನಡುವಿನ ಹಂತದಲ್ಲಿ ಅಭ್ಯರ್ಥಿಗಳು ಕಿಕ್ಕಿರಿದಿರುವುದರಿಂದ ಒಂದೊಂದು ಅಂಕಕ್ಕೂ ರ‍್ಯಾಂಕ್ ಪಟ್ಟಿಯಲ್ಲಿ ದೊಡ್ಡ ಜಿಗಿತವಿದೆ. ಎರಡು ಅಂಕದ ಎರಡು ಪ್ರಶ್ನೆ, ಒಂದು ಅಂಕದ ಒಂದು ಪ್ರಶ್ನೆ ಸರಿಹೋದರೆ ಆ ಐದು ಅಂಕ ಬಂದಂತೆ.

ಆ ಮೂರು ಪ್ರಶ್ನೆಗಳನ್ನು ಎಲ್ಲಿ ಹುಡುಕಬೇಕು ಎಂಬುದಕ್ಕೆ ಈಗ ಬರೋಣ. ಇದು ಉಪನ್ಯಾಸದ ಎರಡನೆಯ ಭಾಗ, ತಪ್ಪುಗಳ ತನಿಖೆ.

ಮಾಕ್ ಟೆಸ್ಟ್ ಮುಗಿದ ಮೇಲೆ ಹೆಚ್ಚಿನವರು ಮೊದಲು ಅಂಕ ನೋಡುತ್ತಾರೆ, ಆಮೇಲೆ ರ‍್ಯಾಂಕ್, ಆಮೇಲೆ ಗೆಳೆಯರ ಅಂಕ. ತಪ್ಪಾದ ಪ್ರಶ್ನೆಗಳ ಉತ್ತರವನ್ನು ಒಮ್ಮೆ ಓದಿ, ‘ಓ, ಇದು ಗೊತ್ತಿತ್ತು, ಸಿಲ್ಲಿ ಮಿಸ್ಟೇಕ್’ ಎಂದು ಮುಂದಿನ ಟೆಸ್ಟಿಗೆ ಹೋಗುತ್ತಾರೆ. ಮೂರು ಗಂಟೆ ಬರೆದ ಪರೀಕ್ಷೆಗೆ ಹದಿನೈದು ನಿಮಿಷದ ಪರಿಶೀಲನೆ ಸಾಲುವುದಿಲ್ಲ. ಯಾಕೆ ಸಾಲುವುದಿಲ್ಲ ಎಂಬುದನ್ನು ಒಂದೇ ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡಿ ತಿಳಿಯಬಹುದು.

ಪ್ರಶ್ನೆ ಹೀಗಿದೆ: 6 ಮೀಟರ್ ಉದ್ದದ ಸಿಂಪ್ಲಿ ಸಪೋರ್ಟೆಡ್ ಬೀಮ್. ಅದರ ಇಡೀ ಉದ್ದಕ್ಕೆ ಸಮನಾಗಿ ಹರಡಿದ ಒಟ್ಟು ಭಾರ 60 ಕಿಲೋನ್ಯೂಟನ್. ಗರಿಷ್ಠ ಬೆಂಡಿಂಗ್ ಮೊಮೆಂಟ್ ಎಷ್ಟು ಕಿಲೋನ್ಯೂಟನ್-ಮೀಟರ್? ಎರಡನೆಯ ವರ್ಷದ ಸಿವಿಲ್, ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೂ ಗೊತ್ತಿರುವ ಲೆಕ್ಕ. ಮೀಟರಿಗೆ 10 ಕಿಲೋನ್ಯೂಟನ್ ಭಾರ, ಅದನ್ನು ಉದ್ದದ ವರ್ಗದಿಂದ ಗುಣಿಸಿ ಎಂಟರಿಂದ ಭಾಗಿಸಿದರೆ 45. ಆದರೆ ಹತ್ತು ಜನರ ಉತ್ತರ ನೋಡಿದರೆ ನಾಲ್ಕಾರು ಬಗೆ ಕಾಣಬಹುದು. ಒಬ್ಬರು 90 ಎಂದು ಬರೆದಿರುತ್ತಾರೆ. ಅವರು ಹರಡಿದ ಭಾರಕ್ಕೆ ನಡುವೆ ಒಂದೇ ಕಡೆ ಕೂತ ಭಾರದ ಸೂತ್ರ ಹಾಕಿದ್ದಾರೆ. ಇನ್ನೊಬ್ಬರು 270 ಎಂದಿರುತ್ತಾರೆ. ಅವರಿಗೆ ಸೂತ್ರ ಗೊತ್ತು, ಆದರೆ ‘ಒಟ್ಟು ಭಾರ’ ಎಂಬುದನ್ನು ‘ಮೀಟರಿಗೆ ಇಷ್ಟು ಭಾರ’ ಎಂದು ಓದಿಕೊಂಡಿದ್ದಾರೆ. ಮತ್ತೊಬ್ಬರು 45000 ಎಂದು ನಮೂದಿಸಿರುತ್ತಾರೆ. ಲೆಕ್ಕವೂ ಸರಿ, ಓದಿದ್ದೂ ಸರಿ, ಘಟಕ ತಪ್ಪು. ಇನ್ನೊಬ್ಬರು 45 ಎಂದೇ ಬರೆದಿದ್ದಾರೆ, ಆದರೆ ಶಿಯರ್ ಫೋರ್ಸ್ ಚಿತ್ರದಿಂದ ಶುರುಮಾಡಿ ಆರು ನಿಮಿಷ ಕಳೆದಿದ್ದಾರೆ. ಆ ಆರು ನಿಮಿಷದ ಬೆಲೆಯನ್ನು ಪತ್ರಿಕೆಯ ಕೊನೆಯಲ್ಲಿ ಮುಟ್ಟಲಾಗದೆ ಉಳಿದ ಇನ್ನಾವುದೋ ಪ್ರಶ್ನೆ ತೆತ್ತಿದೆ.

ಇವರಲ್ಲಿ ಮೊದಲನೆಯವರು ಒಂದು ಗಂಟೆ ಕುಳಿತು ಆ ಅಧ್ಯಾಯದ ಸೂತ್ರಗಳನ್ನು ಮತ್ತೆ ನೋಡಬೇಕು. ಎರಡನೆಯವರು ಅಧ್ಯಾಯವನ್ನು ಮತ್ತೆ ಓದಿದರೆ ಏನೂ ಪ್ರಯೋಜನವಿಲ್ಲ. ದತ್ತ ಸಂಖ್ಯೆಗಳನ್ನು ಘಟಕದ ಸಮೇತ ರಫ್ ಹಾಳೆಯಲ್ಲಿ ಬರೆದುಕೊಂಡ ಮೇಲೆಯೇ ಲೆಕ್ಕ ಹಿಡಿಯುವ ರೂಢಿಯನ್ನು ಅವರು ಮಾಡಿಕೊಳ್ಳಬೇಕು. ಮೂರನೆಯವರು ಉತ್ತರ ನಮೂದಿಸುವ ಮುಂಚೆ ಪ್ರಶ್ನೆಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಬೇಕು. ನಾಲ್ಕನೆಯವರಿಗೆ ಬೇಕಾದದ್ದು ಇಂಥ ಹತ್ತು ಲೆಕ್ಕಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವ ಅಭ್ಯಾಸ. ನಾಲ್ವರೂ ‘ಸಿಲ್ಲಿ ಮಿಸ್ಟೇಕ್’ ಎಂದು ಬರೆದುಕೊಂಡರೆ ನಾಲ್ವರಿಗೂ ದಾರಿ ಕಾಣುವುದಿಲ್ಲ.

ಆದ್ದರಿಂದ ಕೊನೆಯ ವಾರಗಳಲ್ಲಿ ನೋಟ್ಸಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ತಪ್ಪುಗಳ ಪುಸ್ತಕ. ಇನ್ನೂರು ಪುಟದ ಸಾಧಾರಣ ನೋಟ್‌ಬುಕ್ ಸಾಕು. ಪ್ರತಿ ತಪ್ಪಿಗೆ ಒಂದು ಸಾಲು: ಪ್ರಶ್ನೆ ಯಾವ ಅಧ್ಯಾಯದ್ದು, ತಪ್ಪಿನ ಬಗೆ ಯಾವುದು, ಸರಿಪಡಿಸಲು ಏನು ಮಾಡಬೇಕು, ಮತ್ತೆ ಯಾವ ದಿನ ಬಿಡಿಸಿ ನೋಡಬೇಕು. ತಪ್ಪಿನ ಬಗೆ ಐದಕ್ಕಿಂತ ಹೆಚ್ಚು ಬೇಕಿಲ್ಲ: ವಿಷಯವೇ ಗೊತ್ತಿಲ್ಲ, ಸೂತ್ರ ಮರೆತಿದೆ, ಪ್ರಶ್ನೆ ತಪ್ಪು ಓದಿದೆ, ಲೆಕ್ಕದಲ್ಲೋ ಘಟಕದಲ್ಲೋ ಎಡವಿದೆ, ಸಮಯ ಸಾಲದಾಗಿದೆ. ನಾಲ್ಕು ಮಾಕ್ ಟೆಸ್ಟ್ ಮುಗಿಯುವ ಹೊತ್ತಿಗೆ ಯಾವ ಬಗೆಯ ಪಕ್ಕದಲ್ಲಿ ಗೀಟುಗಳು ಹೆಚ್ಚಿವೆ ಎಂಬುದು ಕಣ್ಣಿಗೆ ಕಾಣುತ್ತದೆ. ಮುಂದಿನ ವಾರದ ಟೈಮ್‌ಟೇಬಲ್ ಅಲ್ಲಿಂದಲೇ ಹುಟ್ಟಬೇಕು. ಮಾಕ್ ಟೆಸ್ಟಿಗೆ ಮೂರು ಗಂಟೆಯಾದರೆ ಅದರ ತನಿಖೆಗೂ ಮೂರು ಗಂಟೆ ತೆಗೆದಿಡಬೇಕು. ದಿನಕ್ಕೊಂದು ಮಾಕ್ ಬರೆದು ಒಂದನ್ನೂ ತೆರೆದು ನೋಡದವರಿಗಿಂತ ವಾರಕ್ಕೆ ಎರಡು ಬರೆದು ಎರಡನ್ನೂ ಜಾಲಾಡಿದವರ ಅಂಕ ಹೆಚ್ಚುವ ಸಾಧ್ಯತೆ ಜಾಸ್ತಿ.

ಮೂರನೆಯ ಭಾಗ ನೆನಪಿಗೆ ಸಂಬಂಧಿಸಿದ್ದು. ಇಲ್ಲಿ ಮನೋವಿಜ್ಞಾನಿಗಳ ಪ್ರಯೋಗಗಳು ನೆರವಿಗೆ ಬರುತ್ತವೆ.

ರಿವಿಷನ್ ಎಂದರೆ ನೋಟ್ಸನ್ನು ಮತ್ತೆ ಮತ್ತೆ ಓದುವುದು ಎಂದೇ ರೂಢಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಈ ರೂಢಿಯನ್ನೇ ಪರೀಕ್ಷೆಗೆ ಒಡ್ಡಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದು ಗುಂಪಿನವರು ಒಂದು ಸಲ ಓದಿ, ಎರಡನೆಯ ಸಲ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು, ಅವರಿಗೆ ಶೇ. 81 ನೆನಪಿತ್ತು, ಇನ್ನೊಂದು ಗುಂಪಿಗೆ ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗುಮುರುಗಾಯಿತು. ಓದಿದವರಲ್ಲಿ ಶೇ. 42 ಉಳಿದಿತ್ತು, ಬರೆದವರಲ್ಲಿ ಶೇ. 56. ರಾತ್ರಿ ಹನ್ನೊಂದಕ್ಕೆ ನೋಟ್ಸ್ ಮುಚ್ಚುವಾಗ ಎಲ್ಲವೂ ಬಂದಂತೆ ಅನಿಸುವುದೂ ಪರೀಕ್ಷೆಯಲ್ಲಿ ಸೂತ್ರ ಅರ್ಧಕ್ಕೆ ನಿಲ್ಲುವುದೂ ಯಾಕೆ ಎಂಬುದಕ್ಕೆ ಈ ಪ್ರಯೋಗದಲ್ಲಿ ಸಮಾಧಾನ ಸಿಗುತ್ತದೆ. ಹಾಗಾಗಿ ಬೆಳಗ್ಗೆ ಎದ್ದು ಖಾಲಿ ಹಾಳೆಯ ಮೇಲೆ ಒಂದು ಅಧ್ಯಾಯದ ಸೂತ್ರಗಳನ್ನೆಲ್ಲ ನೆನಪಿನಿಂದ ಬರೆದು, ಆಮೇಲೆ ನೋಟ್ಸ್ ತೆರೆದು ಕೆಂಪು ಪೆನ್ನಿನಲ್ಲಿ ತಿದ್ದಿಕೊಳ್ಳುವುದು ಬರೀ ಓದಿಗಿಂತ ಲಾಭದಾಯಕ. ಈ ಕೆಲಸ ಹಿತವಾಗಿರುವುದಿಲ್ಲ, ಬರದ ಸೂತ್ರಗಳೇ ಎದ್ದು ಕಾಣುತ್ತವೆ. ಆ ದಿನ ಯಾವುದನ್ನು ಓದಬೇಕು ಎಂದು ತಿಳಿಯುವುದೂ ಅದರಿಂದಲೇ.

ಇನ್ನೊಂದು ಪ್ರಯೋಗ ಗಣಿತಕ್ಕೇ ಸಂಬಂಧಿಸಿದ್ದು. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಕಲಿಸಿದರು. ಒಂದು ಗುಂಪು ಒಂದೊಂದೇ ಆಕೃತಿಯ ಲೆಕ್ಕಗಳನ್ನು ಸಾಲಾಗಿ ಬಿಡಿಸಿತು, ಇನ್ನೊಂದು ಗುಂಪಿಗೆ ನಾಲ್ಕೂ ಬಗೆಯ ಲೆಕ್ಕಗಳನ್ನು ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಸಾಲಾಗಿ ಬಿಡಿಸಿದವರದು ಶೇ. 89 ಸರಿ, ಕಲಸಿ ಬಿಡಿಸಿದವರದು ಶೇ. 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಸಾಲಾಗಿ ಬಿಡಿಸಿದವರು ಶೇ. 20ಕ್ಕೆ ಇಳಿದರು, ಕಲಸಿ ಬಿಡಿಸಿದವರು ಶೇ. 63ರಲ್ಲಿ ಉಳಿದರು. ಎರಡನೆಯ ಗುಂಪು ಪ್ರತಿ ಲೆಕ್ಕಕ್ಕೂ ಯಾವ ಸೂತ್ರ ಎಂದು ಮೊದಲು ನಿರ್ಧರಿಸಬೇಕಿತ್ತು. ಪರೀಕ್ಷೆಯೂ ಅದನ್ನೇ ಕೇಳುತ್ತದೆ.

ಈ ಮಾತು ನಮ್ಮ ರಾಜ್ಯದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ವಿಟಿಯು ಸೆಮಿಸ್ಟರ್ ಪರೀಕ್ಷೆಯಲ್ಲಿ ಸಿಲಬಸ್ ಐದು ಮಾಡ್ಯೂಲ್‌ಗಳಾಗಿ ಹಂಚಿರುತ್ತದೆ. ಪ್ರತಿ ಮಾಡ್ಯೂಲ್‌ನಿಂದ ಆಯ್ಕೆಯೊಂದಿಗೆ ಒಂದು ಪೂರ್ಣ ಪ್ರಶ್ನೆ. ಪ್ರಶ್ನೆ ಯಾವ ಮಾಡ್ಯೂಲಿನದು ಎಂದು ಪತ್ರಿಕೆಯೇ ಹೇಳಿಬಿಡುತ್ತದೆ. ಚಿತ್ರಕ್ಕೆ ಅಂಕ, ಸೂತ್ರಕ್ಕೆ ಅಂಕ, ಹಂತಕ್ಕೆ ಅಂಕ. ಕೊನೆಯ ಉತ್ತರ ತಪ್ಪಿದರೂ ಬಹುಪಾಲು ಅಂಕ ಕೈಗೆ ಬರುತ್ತದೆ. ಗೇಟ್‌ನಲ್ಲಿ ಹಂತಕ್ಕೆ ಅಂಕವಿಲ್ಲ, ಮಾಡ್ಯೂಲಿನ ಗುರುತಿಲ್ಲ. ಏಳು ಸೆಮಿಸ್ಟರ್ ಒಂದು ಪದ್ಧತಿಗೆ ಒಗ್ಗಿದ ಕೈಯನ್ನು ಐದಾರು ವಾರದಲ್ಲಿ ಇನ್ನೊಂದಕ್ಕೆ ಒಗ್ಗಿಸಬೇಕಾದರೆ ಅಧ್ಯಾಯವಾರು ಪ್ರಶ್ನೆಗಳನ್ನು ಬದಿಗಿಟ್ಟು ಕಲಸಿದ ಪ್ರಶ್ನೆಗಳನ್ನೇ ಬಿಡಿಸಬೇಕು. ಹಳೆಯ ಗೇಟ್ ಪತ್ರಿಕೆಗಿಂತ ಒಳ್ಳೆಯ ಕಲಸಿದ ಪ್ರಶ್ನೆಗಳು ಇನ್ನೆಲ್ಲೂ ಇಲ್ಲ. ಕೋಚಿಂಗ್ ಕೇಂದ್ರಗಳ ಮಾಕ್ ಟೆಸ್ಟ್‌ಗಳು ಕೆಲವೊಮ್ಮೆ ಅನಗತ್ಯವಾಗಿ ಕಠಿಣ, ಕೆಲವೊಮ್ಮೆ ಬರೀ ಉದ್ದ. ಹಳೆಯ ಪತ್ರಿಕೆಯನ್ನು ಬೆಳಗ್ಗೆ 9.30ರಿಂದ 12.30ರವರೆಗೆ, ಇಲ್ಲವೇ ಮಧ್ಯಾಹ್ನ 2.30ರಿಂದ 5.30ರವರೆಗೆ, ತಮ್ಮ ಅಡ್ಮಿಟ್ ಕಾರ್ಡಿನಲ್ಲಿರುವ ಪಾಳಿಯಲ್ಲೇ ಕುಳಿತು ಬಿಡಿಸಬೇಕು.

ನಡುವೆ ಒಂದು ಅಡಚಣೆಯಿದೆ. ಅಂತಿಮ ವರ್ಷದ ಸೆಮಿಸ್ಟರ್ ಪರೀಕ್ಷೆಗಳು ಡಿಸೆಂಬರ್, ಜನವರಿಗೆ ಬೀಳುವುದು ಸಾಮಾನ್ಯ. ಆ ದಿನಗಳಲ್ಲಿ ಎರಡನ್ನೂ ಪೂರ್ತಿ ಹಿಡಿಯಲು ಹೋದವರು ಎರಡರಲ್ಲೂ ಕುಗ್ಗುತ್ತಾರೆ. ಸೆಮಿಸ್ಟರ್ ನಡೆಯುವಾಗ ದಿನಕ್ಕೆ ಇಪ್ಪತ್ತು ನಿಮಿಷದ ಆಪ್ಟಿಟ್ಯೂಡ್, ಇಪ್ಪತ್ತು ನಿಮಿಷದ ಗಣಿತ ಸಾಕು. ಕೈಯ ಬಿಸಿ ಆರದಂತೆ ನೋಡಿಕೊಂಡರೆ ಉಳಿದದ್ದನ್ನು ಆಮೇಲೆ ಹಿಡಿಯಬಹುದು.

ಇನ್ನು ನಾಲ್ಕನೆಯ ಹಾಗೂ ಕೊನೆಯ ಭಾಗಕ್ಕೆ ಬರೋಣ: ಪರೀಕ್ಷೆಯ ಮೂರು ಗಂಟೆ.

ಗೇಟ್‌ನಲ್ಲಿ ಮೂರು ಬಗೆಯ ಪ್ರಶ್ನೆಗಳಿವೆ. ನಾಲ್ಕು ಆಯ್ಕೆಗಳಲ್ಲಿ ಒಂದೇ ಸರಿಯಿರುವ ಎಂಸಿಕ್ಯೂ ತಪ್ಪಾದರೆ ಒಂದು ಅಂಕದ ಪ್ರಶ್ನೆಗೆ ಮೂರನೇ ಒಂದು, ಎರಡು ಅಂಕದ ಪ್ರಶ್ನೆಗೆ ಮೂರನೇ ಎರಡು ಅಂಕ ಕಳೆಯುತ್ತಾರೆ. ಒಂದಕ್ಕಿಂತ ಹೆಚ್ಚು ಆಯ್ಕೆ ಸರಿಯಿರಬಹುದಾದ ಎಂಎಸ್‌ಕ್ಯೂ 2021ರಲ್ಲಿ ಬಂತು. ಅದರಲ್ಲಿ ಎಲ್ಲ ಸರಿ ಉತ್ತರಗಳನ್ನೂ ಗುರುತಿಸಿದರೆ ಮಾತ್ರ ಅಂಕ. ಅರ್ಧ ಸರಿಗೆ ಏನೂ ಇಲ್ಲ, ಆದರೆ ತಪ್ಪಿಗೆ ಕಡಿತವೂ ಇಲ್ಲ. ಸಂಖ್ಯೆಯನ್ನೇ ನಮೂದಿಸುವ ಎನ್‌ಎಟಿ ಪ್ರಶ್ನೆಗೂ ಕಡಿತವಿಲ್ಲ. ಹೀಗಿರುವಾಗ ಎಂಎಸ್‌ಕ್ಯೂ, ಎನ್‌ಎಟಿಗಳನ್ನು ಖಾಲಿ ಬಿಡುವುದಕ್ಕೆ ಕಾರಣವೇ ಇಲ್ಲ. ಲೆಕ್ಕ ಮುಗಿಯದಿದ್ದರೂ ಅಂದಾಜಿನ ಉತ್ತರ ಕೊಟ್ಟು ಬರಬಹುದು.

ಎಂಸಿಕ್ಯೂ ವಿಚಾರದಲ್ಲಿ ವಿದ್ಯಾರ್ಥಿಗಳು ಎರಡು ಪಕ್ಷಗಳಾಗಿ ಒಡೆಯುತ್ತಾರೆ. ಕೆಲವರು ಮೈನಸ್ ಮಾರ್ಕಿಗೆ ಹೆದರಿ ಹದಿನೈದು ಪ್ರಶ್ನೆ ಬಿಟ್ಟು ಬರುತ್ತಾರೆ, ಕೆಲವರು ಒಂದನ್ನೂ ಬಿಡುವುದಿಲ್ಲ. ಲೆಕ್ಕ ಹಾಕಿದರೆ ಎರಡೂ ಸರಿಯಲ್ಲ. ಏನೂ ಗೊತ್ತಿಲ್ಲದೆ ನಾಲ್ಕರಲ್ಲಿ ಒಂದನ್ನು ಒತ್ತಿದರೆ ಸರಾಸರಿ ಲಾಭ ಸೊನ್ನೆ. ನಾಲ್ಕು ಸಲ ಹಾಗೆ ಒತ್ತಿದರೆ ಒಂದು ಸಲ ಬರುವ ಅಂಕವನ್ನು ಮೂರು ಸಲದ ಕಡಿತ ನುಂಗಿಹಾಕುತ್ತದೆ. ಒಂದು ಆಯ್ಕೆ ಖಂಡಿತ ಅಲ್ಲ ಎಂದು ಗೊತ್ತಾದರೆ ಒಂದು ಅಂಕದ ಪ್ರಶ್ನೆಗೆ ಸರಾಸರಿ ಒಂಬತ್ತನೇ ಒಂದು ಅಂಕದ ಲಾಭ. ಎರಡನ್ನು ತೆಗೆದುಹಾಕಿದರೆ ಲಾಭ ಮೂರನೇ ಒಂದಕ್ಕೆ ಏರುತ್ತದೆ, ಎರಡು ಅಂಕದ ಪ್ರಶ್ನೆಗೆ ಇದರ ದುಪ್ಪಟ್ಟು. ಹಾಗಾಗಿ ಎರಡು ಆಯ್ಕೆ ಹೋದ ಕಡೆ ಒತ್ತುವುದು, ಒಂದೂ ಹೋಗದ ಕಡೆ ಬಿಡುವುದು ಎಂಬ ನಿಯಮವನ್ನು ಮಾಕ್ ಟೆಸ್ಟಿನಲ್ಲೇ ರೂಢಿ ಮಾಡಿಕೊಳ್ಳಬಹುದು. ಘಟಕ ಹೊಂದದ ಆಯ್ಕೆ, ಚಿಹ್ನೆ ತಪ್ಪಿದ ಆಯ್ಕೆ, ಒಂದು ಚರವನ್ನು ಸೊನ್ನೆ ಮಾಡಿದಾಗ ಅರ್ಥ ಕಳೆದುಕೊಳ್ಳುವ ಆಯ್ಕೆ ಇವುಗಳನ್ನು ಪೂರ್ತಿ ಲೆಕ್ಕ ಮಾಡದೆಯೂ ತೆಗೆದುಹಾಕಬಹುದು.

ಬರೆದ ಉತ್ತರವನ್ನು ಬದಲಿಸಬಾರದು, ಮೊದಲು ಹೊಳೆದದ್ದೇ ಸರಿ ಎಂಬ ನಂಬಿಕೆ ಹಾಸ್ಟೆಲ್ಲುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು ಇಲಿನಾಯ್ ವಿಶ್ವವಿದ್ಯಾಲಯದ 1,561 ಉತ್ತರಪತ್ರಿಕೆಗಳಲ್ಲಿ ಅಳಿಸಿ ತಿದ್ದಿದ ಗುರುತುಗಳನ್ನು ಪರಿಶೀಲಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಬದಲಾವಣೆಗಳಲ್ಲಿ ಶೇ. 51 ತಪ್ಪಿನಿಂದ ಸರಿಗೆ ಹೋಗಿದ್ದವು, ಶೇ. 25 ಸರಿಯಿಂದ ತಪ್ಪಿಗೆ. ಸರಿಯಾಗಿದ್ದುದನ್ನು ಕೆಡಿಸಿಕೊಂಡ ಸಂಕಟ ಮನಸ್ಸಿನಲ್ಲಿ ಉಳಿಯುತ್ತದೆ, ತಿದ್ದಿ ಗಳಿಸಿದ್ದು ಮರೆತುಹೋಗುತ್ತದೆ. ತಪ್ಪಿಗೆ ನಿಶ್ಚಿತ ಕಾರಣ ಕಂಡರೆ ಬದಲಿಸಲು ಹಿಂಜರಿಯಬೇಕಿಲ್ಲ.

ಸಮಯದ ಹಂಚಿಕೆಗೆ ಬಂದರೆ, 180 ನಿಮಿಷಕ್ಕೆ 100 ಅಂಕ, ಅಂದರೆ ಅಂಕಕ್ಕೆ ಎರಡು ನಿಮಿಷಕ್ಕೂ ಕಡಿಮೆ. ಆಪ್ಟಿಟ್ಯೂಡಿಗೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಕೊಟ್ಟು, ಉಳಿದುದನ್ನು ಎರಡು ಸುತ್ತಿನಲ್ಲಿ ಬಿಡಿಸುವುದು ಹಲವರಿಗೆ ಒಗ್ಗುತ್ತದೆ. ಮೊದಲ ಸುತ್ತಿನಲ್ಲಿ ಓದಿದ ಕೂಡಲೇ ದಾರಿ ಕಾಣುವ ಪ್ರಶ್ನೆಗಳು ಮಾತ್ರ. ದಾರಿ ಕಂಡರೂ ಲೆಕ್ಕ ಉದ್ದವಿರುವವು ಎರಡನೆಯ ಸುತ್ತಿಗೆ. ಪರದೆಯ ಬಲಬದಿಯಲ್ಲಿ ಪ್ರಶ್ನೆಸಂಖ್ಯೆಗಳ ಬಣ್ಣದ ಫಲಕವಿರುತ್ತದೆ. ಉತ್ತರಿಸಿದ್ದು ಹಸಿರು, ನೋಡಿಯೂ ಉತ್ತರಿಸದ್ದು ಕೆಂಪು, ಮತ್ತೆ ನೋಡಲು ಗುರುತಿಟ್ಟದ್ದು ನೇರಳೆ. ಉತ್ತರ ಕೊಟ್ಟು ‘ಸೇವ್’ ಒತ್ತದೆ ಮುಂದೆ ಹೋದರೆ ಆ ಉತ್ತರ ಉಳಿಯುವುದಿಲ್ಲ. ಪರೀಕ್ಷೆಯಲ್ಲಿ ಸ್ವಂತ ಕ್ಯಾಲ್ಕುಲೇಟರ್‌ಗೆ, ಕೈಗಡಿಯಾರಕ್ಕೆ ಅವಕಾಶವಿಲ್ಲ. ಪರದೆಯ ಮೇಲಿನ ಕ್ಯಾಲ್ಕುಲೇಟರನ್ನು ಮೌಸ್‌ನಿಂದಲೇ ಒತ್ತಬೇಕು. ಮೂರು ವರ್ಷ ಕ್ಯಾಸಿಯೊ ಕ್ಯಾಲ್ಕುಲೇಟರ್ ಮೇಲೆ ಓಡಿದ ಬೆರಳುಗಳಿಗೆ ಇದು ಮೊದಮೊದಲು ಬಲು ಕಿರಿಕಿರಿ. ಸೈನ್, ಕೊಸೈನ್ ಬಳಸುವ ಮುಂಚೆ ಅದು ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡದಿದ್ದರೆ ಸರಿ ಲೆಕ್ಕವೂ ತಪ್ಪು ಉತ್ತರ ಕೊಡುತ್ತದೆ. ಇವೆಲ್ಲ ಗೇಟ್ ಜಾಲತಾಣದ ಮಾಕ್ ಟೆಸ್ಟಿನಲ್ಲಿ ಕಲಿತುಬರಬೇಕಾದವು, ಪರೀಕ್ಷಾ ಕೇಂದ್ರದಲ್ಲಲ್ಲ.

ನಿದ್ದೆಯ ಮಾತು ಹೇಳದಿದ್ದರೆ ಈ ಭಾಗ ಪೂರ್ತಿಯಾಗದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹಾನ್ಸ್ ವಾನ್ ಡಾಂಗೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 48 ಆರೋಗ್ಯವಂತ ವಯಸ್ಕರು ಭಾಗವಹಿಸಿದ್ದರು. ಹದಿನಾಲ್ಕು ದಿನ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ದೆ ಮಾಡಿದವರ ಏಕಾಗ್ರತೆ ಒಂದೆರಡು ರಾತ್ರಿ ಪೂರ್ತಿ ಎಚ್ಚರವಿದ್ದವರ ಮಟ್ಟಕ್ಕೆ ಕುಸಿದಿತ್ತು. ಅಷ್ಟು ಕುಸಿದಿದ್ದು ಅವರಿಗೇ ಸರಿಯಾಗಿ ತಿಳಿದಿರಲಿಲ್ಲ. ಜನವರಿಯುದ್ದಕ್ಕೂ ರಾತ್ರಿ ಎರಡರವರೆಗೆ ಓದಿ ಬೆಳಗ್ಗೆ ಏಳಕ್ಕೆ ಏಳುವವರು ಪ್ರಶ್ನೆ ತಪ್ಪು ಓದುವುದು, ಚಿಹ್ನೆ ಬಿಟ್ಟುಬಿಡುವುದು ಹೆಚ್ಚಾದರೆ ತಪ್ಪುಗಳ ಪುಸ್ತಕದ ಜೊತೆಗೆ ಮಲಗುವ ಹೊತ್ತನ್ನೂ ತಿದ್ದಬೇಕು.

ಆತಂಕಕ್ಕೂ ಒಂದು ಸರಳ ಪ್ರಯೋಗವಿದೆ. ಷಿಕಾಗೊ ವಿಶ್ವವಿದ್ಯಾಲಯದ ಜೆರಾರ್ಡೊ ರಾಮಿರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ಕಂಡುಕೊಂಡಂತೆ, ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯಗಳನ್ನು ಹಾಳೆಯ ಮೇಲೆ ಬರೆದ ವಿದ್ಯಾರ್ಥಿಗಳಲ್ಲಿ, ಅದರಲ್ಲೂ ಪರೀಕ್ಷೆಯ ಅಂಜಿಕೆ ಹೆಚ್ಚಿದ್ದವರಲ್ಲಿ, ಅಂಕ ಸುಧಾರಿಸಿತು. ಖರ್ಚಿಲ್ಲದ ಪ್ರಯತ್ನ. ಮನೆಯಿಂದಲೋ ಹಾಸ್ಟೆಲ್ಲಿನಿಂದಲೋ ಹೊರಡುವ ಮುಂಚೆ ಮಾಡಿ ನೋಡಬಹುದು. ಊರು ಬಿಟ್ಟು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಯ ಕೇಂದ್ರಕ್ಕೆ ಹೋಗಬೇಕಾದವರು ಹಿಂದಿನ ರಾತ್ರಿಯ ಬಸ್ಸು ಹಿಡಿದು ಬೆಳಗ್ಗೆ ನೇರ ಕೇಂದ್ರಕ್ಕೆ ಇಳಿಯುವುದಕ್ಕಿಂತ ಮುನ್ನಾದಿನ ಮಧ್ಯಾಹ್ನವೇ ತಲುಪಿ ಕೇಂದ್ರದ ದಾರಿ ನೋಡಿಕೊಂಡರೆ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ.

ಉಪನ್ಯಾಸ ಮುಗಿಸುವ ಮುನ್ನ ವಿದ್ಯಾರ್ಥಿಗಳಿಂದ ಸಂಸ್ಥೆಯ ಕಡೆಗೆ ತಿರುಗಬೇಕಾಗಿದೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಅಭ್ಯರ್ಥಿಯೊಬ್ಬನ ಅಥವಾ ಒಬ್ಬಳ ಕೋಣೆಯಲ್ಲಿ ನಡೆಯುವ ಕೆಲಸದಂತೆ ಕಂಡಿರಬಹುದು. ಆದರೆ ಇದರಲ್ಲಿ ಕಾಲೇಜು ಮಾಡಬಹುದಾದದ್ದು ಬಹಳವಿದೆ, ಅದಕ್ಕೆ ಹೊಸ ಅನುದಾನವೂ ಬೇಕಿಲ್ಲ. ಜನವರಿಯ ನಾಲ್ಕು ಭಾನುವಾರ ಕಂಪ್ಯೂಟರ್ ಲ್ಯಾಬಿನ ಬಾಗಿಲು ತೆರೆದಿಟ್ಟು, ಕೀಬೋರ್ಡುಗಳನ್ನು ಬದಿಗೆ ಸರಿಸಿ, 9.30ರಿಂದ 12.30ರವರೆಗೆ ಹಳೆಯ ಪತ್ರಿಕೆಯೊಂದನ್ನು ಬರೆಸಬಹುದು. ಊಟದ ನಂತರ ಒಬ್ಬ ಅಧ್ಯಾಪಕರು ಕುಳಿತು, ಪ್ರಶ್ನೆಗೆ ಉತ್ತರ ಹೇಳಿಕೊಡುವ ಬದಲು, ಪ್ರತಿಯೊಬ್ಬರ ತಪ್ಪು ಯಾವ ಬಗೆಯದು ಎಂದು ಕೇಳಬಹುದು. ಮೂರನೆಯ ವರ್ಷದವರಿಗೂ ಗೇಟ್ ಬರೆಯಲು ಅವಕಾಶವಿದೆ, ಅವರನ್ನೂ ಅದೇ ಲ್ಯಾಬಿಗೆ ಕರೆಯಬಹುದು. ಕನ್ನಡ ಮಾಧ್ಯಮದಿಂದ ಬಂದವರಿಗಾಗಿ ಇಂಗ್ಲಿಷ್ ವಿಭಾಗದವರು ವಾರಕ್ಕೊಂದು ತಾಸು ಆಪ್ಟಿಟ್ಯೂಡಿನ ಭಾಷಾ ಪ್ರಶ್ನೆಗಳನ್ನು ಓದಿಸಬಹುದು. ಪ್ರಾಂಶುಪಾಲರು ಒಪ್ಪಿದರೆ ಮೊದಲ ಭಾನುವಾರದ ಪತ್ರಿಕೆಯನ್ನು 2024ರ ಪ್ರಶ್ನೆಗಳಿಂದಲೇ ಶುರುಮಾಡಬಹುದು. ಅದು ಬೆಂಗಳೂರಿನ ವಿಜ್ಞಾನ ಸಂಸ್ಥೆಯೇ ಸಂಘಟಿಸಿದ ವರ್ಷದ್ದು, ಉತ್ತರಸೂಚಿಯ ಸಮೇತ ಲಭ್ಯವಿದೆ.

ವಿದ್ಯಾರ್ಥಿಗಳು ತಮ್ಮ ಮಾಕ್ ಟೆಸ್ಟಿನ ಪತ್ರಿಕೆಗಳನ್ನು ತಂದಿದ್ದರೆ ಪ್ರಶ್ನೋತ್ತರದ ಅವಧಿಯಲ್ಲಿ ಅವುಗಳನ್ನೇ ಮುಂದಿಟ್ಟುಕೊಂಡು ಮಾತಾಡಬಹುದು.